ಅಂಚು ಸ್ವಚ್ಛವಿದ್ದರೂ ರೇಡಿಯೇಷನ್ ಯಾಕೆ?

ತಾಯಿಯವರ ಪರೋಟಿಡ್ ಗ್ರಂಥಿಯ (ಕಿವಿಯ ಮುಂದಿರುವ ಜೊಲ್ಲುಗ್ರಂಥಿ) ಗಡ್ಡೆ ಪೂರ್ತಿ ತೆಗೆದಿದ್ದಾರೆ, ಅಂಚುಗಳೂ ಸ್ವಚ್ಛವಾಗಿವೆ (ಕತ್ತರಿಸಿದ ಭಾಗದ ಅಂಚಿನಲ್ಲಿ ಕ್ಯಾನ್ಸರ್ ಕಣಗಳಿಲ್ಲ), ಹಾಗಿದ್ದೂ ರೇಡಿಯೇಷನ್ ಬೇಕೇ, 5 ವರ್ಷ ದಾಟಿದರೆ ಗುಣವಾದಂತೆಯೇ ಎಂದು ಕೇಳಿದ್ದೀರಿ.

ಮೊದಲನೆಯದಕ್ಕೆ ಉತ್ತರ ನೀವು ಹಾಕಿರುವ ಬಯಾಪ್ಸಿ ರಿಪೋರ್ಟಿನಲ್ಲೇ ಇದೆ: ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ (ಜೊಲ್ಲುಗ್ರಂಥಿಯ ಒಂದು ಬಗೆಯ ಕ್ಯಾನ್ಸರ್), ಪೆರಿನ್ಯೂರಲ್ ಇನ್ವೇಷನ್ ಇದೆ, ಅಂದರೆ ಕ್ಯಾನ್ಸರ್ ನರಗಳಿಗೂ ಹಬ್ಬಿದೆ. ಈ ಕ್ಯಾನ್ಸರ್ ನರಗಳ ಗುಂಟ ಹರಿದು ಗಡ್ಡೆಯಿಂದ ದೂರ ಹೋಗಿರಬಹುದು. ಹಾಗಾಗಿ ಸ್ವಚ್ಛ ಅಂಚನ್ನೊಂದೇ ನೆಚ್ಚಿಕೊಳ್ಳಬೇಡಿ, ರೇಡಿಯೇಷನ್ ಬಿಡಬೇಡಿ. ಸಾಮಾನ್ಯವಾಗಿ 60ರಿಂದ 66 ಗ್ರೇ (ರೇಡಿಯೇಷನ್ ಪ್ರಮಾಣದ ಅಳತೆ), ದಿನಕ್ಕೆ 2 ಗ್ರೇಯಂತೆ, ವಾರಕ್ಕೆ 5 ದಿನ, ಆರೇಳು ವಾರ ಕೊಡುತ್ತಾರೆ. ಗಾಯ ಮಾಗಿದ್ದರೆ ಆಪರೇಷನ್ ಆದ 6 ವಾರದ ಆಸುಪಾಸಿನಲ್ಲಿ ಶುರುವಾಗಲಿ.

ಹೆಚ್ಚಿನವರು ಎಡವುವುದು ಹಲ್ಲಿನ ವಿಷಯದಲ್ಲಿ. ಈ ವಾರವೇ ದಂತವೈದ್ಯರಿಗೆ ತೋರಿಸಿ. ಕೀಳಬೇಕಾದ ಹಲ್ಲಿದ್ದರೆ ರೇಡಿಯೇಷನ್‌ಗೆ ಕನಿಷ್ಠ ಎರಡು ವಾರ ಮೊದಲೇ ಕೀಳಿಸಿ. ಆಮೇಲೆ ಕಿತ್ತರೆ ಆ ಜಾಗ ಮಾಗದೆ ದವಡೆಯ ಮೂಳೆಯೇ ಸಾಯುವ ಅಪಾಯವಿದೆ. ರೇಡಿಯೇಷನ್‌ನಿಂದ ಬಾಯಿ ಒಣಗುವುದರಿಂದ ಹುಳುಕು ಬೇಗ ಹಿಡಿಯುತ್ತದೆ, ಫ್ಲೋರೈಡ್ ಜೆಲ್ ಕೇಳಿ ಬರೆಸಿಕೊಳ್ಳಿ.

ಇನ್ನು 5 ವರ್ಷದ ಮಾತು. ಈ ಕಾಯಿಲೆಯಲ್ಲಿ ಬಹುಪಾಲು ಜನ 5 ವರ್ಷ ದಾಟುತ್ತಾರೆ, ಆದರೆ ಅದು ಗುಣವಾದ ಗುರುತಲ್ಲ. 10, 15 ವರ್ಷದ ಮೇಲೂ ಮರುಕಳಿಸುವುದುಂಟು, ಹೆಚ್ಚಾಗಿ ಶ್ವಾಸಕೋಶದಲ್ಲಿ. ಕುತ್ತಿಗೆ ಮುಟ್ಟಿ ನೋಡಿದರಷ್ಟೇ ಸಾಲದು. ಎದೆಯ ಸಿಟಿ ಎಷ್ಟು ಸಮಯಕ್ಕೊಮ್ಮೆ ಎಂದು ಈಗಲೇ ಕೇಳಿಡಿ. ಮುಖ ಮರಗಟ್ಟಿದರೆ, ಓರೆಯಾದರೆ ಕಾಯದೆ ಕಾಂಟ್ರಾಸ್ಟ್ (ರಕ್ತನಾಳಕ್ಕೆ ಔಷಧಿ ಚುಚ್ಚಿ ತೆಗೆಯುವ) ಎಂಆರ್‌ಐ ಮಾಡಿಸಿ. ಶ್ವಾಸಕೋಶದಲ್ಲಿ ಸಣ್ಣ ಗಂಟು ಕಂಡರೂ ಧೈರ್ಯಗೆಡಬೇಡಿ, ಹಾಗೆ ಕಂಡ ಮೇಲೂ ವರ್ಷಗಟ್ಟಲೆ ಚೆನ್ನಾಗಿರುವವರು ಇದ್ದಾರೆ.

ರಿಪೋರ್ಟಿನಲ್ಲಿ ‘ಸಾಲಿಡ್’ ಭಾಗ (ಕ್ಯಾನ್ಸರ್ ಕಣಗಳು ಒತ್ತೊತ್ತಾಗಿ ತುಂಬಿರುವ ಭಾಗ) ಎಷ್ಟು ಶೇಕಡಾ ಎಂದು ಬರೆದಿಲ್ಲ, ಪೆಥಾಲಜಿಸ್ಟರನ್ನು ಕೇಳಿ. ಶೇಕಡಾ 30ಕ್ಕಿಂತ ಹೆಚ್ಚಿದ್ದರೆ ನಿಗಾ ಇನ್ನೂ ಬಿಗಿಯಾಗಬೇಕು.