ಅಪ್ಪನಿಗೆ ಟ್ರೋಡಾಟ್ ಸ್ಕ್ಯಾನ್ ಬರೆದಿದ್ದಾರೆ. ಅದರಲ್ಲಿ ಮರೆವು ಕಾಣುತ್ತಾ?

ಮರೆವು ಕಾಣಲ್ಲ. ಟ್ರೋಡಾಟ್ ಅಂದರೆ ಸ್ವಲ್ಪ ವಿಕಿರಣಶೀಲ ಔಷಧವನ್ನು ಸೂಜಿಯಲ್ಲಿ ಕೊಟ್ಟು, ಮೆದುಳಿನಲ್ಲಿ ಡೋಪಮಿನ್ (ನರಗಳ ನಡುವೆ ಸಂದೇಶ ಒಯ್ಯುವ ಒಂದು ರಾಸಾಯನಿಕ) ಬಿಡುವ ನರಗಳು ಹೇಗಿವೆ ಅಂತ ನೋಡುವ ಸ್ಕ್ಯಾನ್. ನಾನು ಈ ಸ್ಕ್ಯಾನ್ ಮಾಡುವ ವಿಭಾಗದಲ್ಲೇ ಟೆಕ್ನಿಷಿಯನ್, ವಾರಕ್ಕೊಬ್ಬರಾದರೂ ಇದನ್ನೇ ಕೇಳುತ್ತಾರೆ.

ಎಂಆರ್‌ಐ ಆದ ಮೇಲೂ ಇದು ಯಾಕೆ ಅಂತ ಕೇಳಿದ್ದೀರಿ. ಅಪ್ಪನಿಗೆ ಮನೆಯಲ್ಲಿ ಇಲ್ಲದ ಮಕ್ಕಳು ಓಡಾಡಿದ ಹಾಗೆ ಕಾಣುತ್ತೆ ಅಂತಲೂ ಬರೆದಿದ್ದೀರಿ, ಅಲ್ವಾ? ಉತ್ತರ ಅಲ್ಲೇ ಇದೆ. ಇದು ಆಲ್ಝೈಮರ್ಸಾ, ಲೂಯಿ ಬಾಡಿ ಕಾಯಿಲೆಯಾ (ಮರೆವಿನ ಜೊತೆ ಇಲ್ಲದ್ದೂ ಕಾಣುವ, ಡೋಪಮಿನ್ ನರಗಳೂ ಸಾಯುವ ಕಾಯಿಲೆ) ಅನ್ನೋ ಅನುಮಾನ ಡಾಕ್ಟರಿಗೆ ಬಂದಿರಬೇಕು. ಎಂಆರ್‌ಐ ಮೆದುಳಿನ ಆಕಾರ ತೋರಿಸುತ್ತೆ, ಡೋಪಮಿನ್ ಕಥೆ ಹೇಳಲ್ಲ.

ಒಂದು ಸಣ್ಣ ತಿದ್ದುಪಡಿ. ಟ್ರೋಡಾಟ್ ಹೋಗಿ ಕೂರುವುದು ನೀವು ಬರೆದ ಹಾಗೆ ರಿಸೆಪ್ಟರ್ (ಮುಂದಿನ ನರ ಡೋಪಮಿನ್ ಹಿಡಿದುಕೊಳ್ಳುವ ಜಾಗ) ಮೇಲಲ್ಲ, ಟ್ರಾನ್ಸ್‌ಪೋರ್ಟರ್ ಮೇಲೆ, ಅಂದರೆ ಡೋಪಮಿನ್ ಬಿಟ್ಟ ನರ ಉಳಿದದ್ದನ್ನು ವಾಪಸ್ ಎಳೆದುಕೊಳ್ಳುವ ಬಾಗಿಲಿನ ಮೇಲೆ. ನರದ ತುದಿ ಸತ್ತರೆ ಬಾಗಿಲೂ ಹೋಯಿತು. ಡೋಪಮಿನ್ ರಿಸೆಪ್ಟರನ್ನೇ ಜೀವಂತ ಮನುಷ್ಯರಲ್ಲಿ ಪೆಟ್ ಅನ್ನೋ ಇನ್ನೊಂದು ಬಗೆಯ ಸ್ಕ್ಯಾನ್‌ನಿಂದ ನೋಡಿದ್ದು 1983ರಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ವೈದ್ಯ ಹೆನ್ರಿ ವ್ಯಾಗ್ನರ್ ತಮ್ಮ ತಲೆಯನ್ನೇ ಮೊದಲು ಒಡ್ಡಿದ್ದರು. ಅದಕ್ಕೆ ಬಳಸಿದ ಕಾರ್ಬನ್-11 ಅನ್ನೋ ವಿಕಿರಣಶೀಲ ವಸ್ತು ಇಪ್ಪತ್ತು ನಿಮಿಷಕ್ಕೆ ಅರ್ಧಕ್ಕಿಳಿಯುತ್ತೆ, ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಪಕ್ಕದಲ್ಲೇ ಇರಬೇಕು. ನಮ್ಮ ಟ್ರೋಡಾಟ್‌ನಲ್ಲಿರುವ ಟೆಕ್ನೀಷಿಯಮ್ ಅರ್ಧಕ್ಕಿಳಿಯಲು 6 ಗಂಟೆ ಸಿಗುತ್ತೆ, ಹಾಗಾಗಿ ಮಾಮೂಲಿ ಆಸ್ಪತ್ರೆಗಳಲ್ಲೂ ಆಗುತ್ತೆ.

ಸರಿಯಿದ್ದರೆ ಚಿತ್ರದ ನಡುವೆ ಎದುರುಬದುರು ಕಾಮಾ ಚಿಹ್ನೆಯಂಥ ಎರಡು ಆಕಾರ ಹೊಳೆಯುತ್ತವೆ. ಲೂಯಿ ಬಾಡಿಯಲ್ಲಿ ಬಾಲ ಹೋಗಿ ಬರೀ ಎರಡು ಚುಕ್ಕಿ ಉಳಿಯುತ್ತವೆ, ಕೆಲವರಲ್ಲಿ ಅದೂ ಮಂಕು. ಆಲ್ಝೈಮರ್ಸ್‌ನಲ್ಲಿ ಸಾಮಾನ್ಯವಾಗಿ ಕಾಮಾ ಹಾಗೇ ಇರುತ್ತೆ. ಆದರೆ ಪಾರ್ಕಿನ್ಸನ್ಸ್‌ನಲ್ಲೂ ಚುಕ್ಕಿಯೇ, ಕೆಲವು ಲೂಯಿ ಬಾಡಿ ರೋಗಿಗಳಲ್ಲಿ ಕಾಮಾ ಸರಿಯಾಗೇ ಕಾಣಬಹುದು. ಚಿತ್ರ ಒಂದನ್ನೇ ಹಿಡಿದು ಯಾರೂ ತೀರ್ಮಾನ ಮಾಡಲ್ಲ.

ಗೊತ್ತಾಗಿ ಏನು ಪ್ರಯೋಜನ ಅನ್ನಬೇಡಿ. ಇಲ್ಲದ್ದು ಕಾಣುತ್ತೆ ಅಂದ ತಕ್ಷಣ ಕೆಲವು ಕಡೆ ಹ್ಯಾಲೋಪೆರಿಡಾಲ್ ಅನ್ನೋ ಮನೋರೋಗದ ಮಾತ್ರೆ ಕೊಟ್ಟುಬಿಡುತ್ತಾರೆ. ಲೂಯಿ ಬಾಡಿ ಇರುವವರಿಗೆ ಅದರಿಂದ ಮೈಯೆಲ್ಲಾ ಬಿಗಿದು ಪ್ರಾಣಕ್ಕೇ ಬರಬಹುದು. ಸ್ಕ್ಯಾನ್ ಆಗುವವರೆಗೂ ಯಾರಾದರೂ ಅಂಥ ಮಾತ್ರೆ ಬರೆದರೆ ಈ ಅನುಮಾನ ಇದೆ ಅಂತ ಬಾಯಿಬಿಟ್ಟು ಹೇಳಿ.

ಈಗ ತಗೊಳ್ಳುತ್ತಿರುವ ಮಾತ್ರೆಗಳ ಚೀಟಿ ಪೂರ್ತಿ ತನ್ನಿ, ಖಿನ್ನತೆಯ ಕೆಲವು ಮಾತ್ರೆಗಳು ಚಿತ್ರ ಕೆಡಿಸುತ್ತವೆ. ನೀವಾಗೇ ಏನನ್ನೂ ನಿಲ್ಲಿಸಬೇಡಿ. ಸೂಜಿ ಹಾಕಿದ ಮೇಲೆ ಮೂರ್ನಾಲ್ಕು ಗಂಟೆ ಸುಮ್ನೆ ಕಾಯಬೇಕು, ಆಮೇಲೆ ಅರ್ಧ ಮುಕ್ಕಾಲು ಗಂಟೆ ತಲೆ ಅಲ್ಲಾಡಿಸದೆ ಮಲಗಬೇಕು. ನಮಗೆ ಜಾಸ್ತಿ ಕಷ್ಟ ಆಗೋದು ಇಲ್ಲೇ. ಅಪ್ಪ ಯಾರ ಮಾತು ಕೇಳುತ್ತಾರೋ ಅವರೇ ಜೊತೆಗೆ ಬರಲಿ, ಮಲಗಿಸುವ ಮುಂಚೆ ಒಮ್ಮೆ ಬಾತ್‌ರೂಮಿಗೆ ಕರೆದುಕೊಂಡು ಹೋಗಲಿ. ವಿಕಿರಣ ಇರೋದರಿಂದ ಗರ್ಭಿಣಿಯರು ಮಾತ್ರ ಜೊತೆಗೆ ಬರೋದು ಬೇಡ. ಒಂದು ಶಾಲು ತನ್ನಿ, ಎಸಿ ಜೋರಾಗಿರುತ್ತೆ.