ಬೇಸಿಗೆ ಕೆಲಸದ ತಯಾರಿ ಈ ಮಳೆಗಾಲಕ್ಕೇ ಶುರುಮಾಡು

ತಮ್ಮಾ, ಆಗಸ್ಟ್‌ಗೆ ಸೋಮವಾರಪೇಟೆ ಬಿಟ್ಟು ಅಮೆರಿಕಕ್ಕೆ ಎಂಎಸ್ ಓದಲು ಬರುತ್ತೇನೆ, ಮುಂದಿನ ಬೇಸಿಗೆಗೆ ವಿಂಡೋ ಸಿಸ್ಟಂ (ಪರದೆಯ ಮೇಲೆ ವಿಂಡೋಗಳನ್ನು ತೋರಿಸುವ ತಂತ್ರಾಂಶ) ಸಂಶೋಧನೆಯಲ್ಲಿ ಸಂಬಳದ ಕೆಲಸ ಸಿಗುತ್ತದಾ ಎಂದು ಕೇಳಿದ್ದೀಯ. ಸಿಗುತ್ತದೆ. ಆದರೆ ಇದು ಚಿಕ್ಕ ವಲಯ, ಇಲ್ಲಿ ಅಂಕಪಟ್ಟಿಗಿಂತ ಮೊದಲು ನೀನು ಕಳಿಸಿದ ಪ್ಯಾಚ್, ಅಂದರೆ ಕೋಡ್‌ನ ತಿದ್ದುಪಡಿ, ನೋಡುತ್ತಾರೆ. ಬಂದ ಮೇಲೆ ನೋಡೋಣ ಅನ್ನಬೇಡ.

ಎಂಐಟಿಯಲ್ಲಿ 1984ರಲ್ಲಿ ಹುಟ್ಟಿದ ಎಕ್ಸ್ ಎಂಬ ವಿಂಡೋ ಸಿಸ್ಟಂ ಇನ್ನೂ ಬಳಕೆಯಲ್ಲಿದೆ. ಆದರೂ ಹೊಸ ಕೆಲಸ ಬಹುಪಾಲು 2008ರಲ್ಲಿ ಶುರುವಾದ, ಅದರ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್‌ನ ಸುತ್ತಲೇ ಇದೆ, ಅದನ್ನೇ ಹಿಡಿ. ಹಳೆಯ ಲ್ಯಾಪ್‌ಟಾಪ್ ಆದರೂ ಸಾಕು. ಲಿನಕ್ಸ್ ಹಾಕಿ, ವೆಸ್ಟನ್ ಎಂಬ ವೇಲ್ಯಾಂಡ್ ಕಂಪೋಸಿಟರನ್ನು (ಎಲ್ಲ ವಿಂಡೋಗಳನ್ನು ಜೋಡಿಸಿ ಪರದೆಗೆ ಕೊಡುವ ಪ್ರೋಗ್ರಾಂ) ಈಗಿರುವ ಡೆಸ್ಕ್‌ಟಾಪಿನೊಳಗೇ ಒಂದು ವಿಂಡೋ ಆಗಿ ಓಡಿಸು. ಅದು ಕ್ರ್ಯಾಶ್ ಆದರೂ ಉಳಿದದ್ದಕ್ಕೆ ಏನೂ ಆಗುವುದಿಲ್ಲ. ಆಮೇಲೆ ಸಿ ಭಾಷೆಯಲ್ಲಿ, ಒಂದೇ ಬಣ್ಣ ತೋರಿಸುವ ಪುಟ್ಟ ವಿಂಡೋ ಬರೆ.

ಹೊಸಬರು ಎಡವುವುದು ಇಲ್ಲೇ. ಸರ್ಫೇಸ್ (ವಿಂಡೋದ ಚಿತ್ರ ಕೂರುವ ಜಾಗ) ಮಾಡಿದ ಕೂಡಲೇ ಬಫರ್ (ಚಿತ್ರವಿರುವ ಮೆಮೊರಿ) ಸೇರಿಸಿ ಕಮಿಟ್ ಮಾಡಿದರೆ, ಅಂದರೆ ಬದಲಾವಣೆ ಜಾರಿಮಾಡು ಎಂದು ಹೇಳಿದರೆ, ಕಂಪೋಸಿಟರ್ ಪ್ರೋಟೊಕಾಲ್ ಎರರ್ ಕೊಟ್ಟು ಸಂಪರ್ಕವನ್ನೇ ಕಡಿದುಬಿಡುತ್ತದೆ. ಮೊದಲ ಕಮಿಟ್ ಬಫರ್ ಇಲ್ಲದೆ ಹೋಗಬೇಕು. ಕಂಪೋಸಿಟರ್‌ನಿಂದ ಕಾನ್ಫಿಗರ್ ಸಂದೇಶ ಬರುವವರೆಗೆ ಕಾದು, ಅದಕ್ಕೆ ಆಕ್ (ತಲುಪಿತು ಎಂಬ ಉತ್ತರ) ಕಳಿಸಿ, ನಂತರ ಬಫರ್ ಸೇರಿಸಿ ಮತ್ತೆ ಕಮಿಟ್ ಮಾಡಬೇಕು. ವಿಂಡೋ ಎಷ್ಟು ಅಗಲ, ಎಷ್ಟು ಎತ್ತರ ಎನ್ನುವುದರಲ್ಲಿ ಕಂಪೋಸಿಟರ್‌ಗೂ ಮಾತಿದೆ, ಅದಕ್ಕೇ ಈ ಕ್ರಮ. ಇನ್ನೊಂದು: ವಿಂಡೋ ಮರೆಯಾದಾಗ ಫ್ರೇಮ್ ಕಾಲ್‌ಬ್ಯಾಕ್ (ಮುಂದಿನ ಚಿತ್ರ ಬರೆಯಬಹುದು ಎಂಬ ಸೂಚನೆ) ಬರದೇ ಇರಬಹುದು. ಅದನ್ನೇ ಕಾಯುತ್ತ ಕೂತ ಪ್ರೋಗ್ರಾಂ ಅಲ್ಲೇ ಸಿಕ್ಕಿಕೊಳ್ಳುತ್ತದೆ. WAYLAND_DEBUG ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಟ್ಟು ಓಡಿಸು, ಹೋಗಿಬರುವ ಸಂದೇಶಗಳೆಲ್ಲ ಟರ್ಮಿನಲ್‌ನಲ್ಲಿ ಸಾಲಾಗಿ ಕಾಣುತ್ತವೆ. ಅದನ್ನು ಓದುವ ಅಭ್ಯಾಸವೇ ಈ ಕೆಲಸದ ಅರ್ಧ ಕಲಿಕೆ.

ಜುಲೈ ಮಳೆಗೆ ನಮ್ಮ ಕಡೆ ಕರೆಂಟೂ ನೆಟ್ಟೂ ನೆಚ್ಚುವ ಹಾಗಿಲ್ಲ. ಕುಶಾಲನಗರಕ್ಕೋ ಮಡಿಕೇರಿಗೋ ಹೋದ ದಿನ ಸೋರ್ಸ್, ಬೇಕಾದ ಲೈಬ್ರರಿ, ಡಾಕ್ಯುಮೆಂಟೇಶನ್ ಎಲ್ಲ ಇಳಿಸಿಕೋ. ಕೋಡ್ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಕಮಿಟ್ ಮಾಡಲು (ಇದು ಬೇರೆ ಕಮಿಟ್, ಬದಲಾವಣೆ ದಾಖಲಿಸುವುದು) ನೆಟ್ ಬೇಡ, ಕಳಿಸುವಾಗ ಮಾತ್ರ ಬೇಕು. ಮೊದಲ ಪ್ಯಾಚ್ ಚಿಕ್ಕದಿರಲಿ, ಒಂದು ಪ್ಯಾಚ್‌ಗೆ ಒಂದೇ ಬದಲಾವಣೆ. ಯಾಕೆ ಬದಲಿಸಿದೆ ಎಂಬುದನ್ನು ಕಮಿಟ್ ಸಂದೇಶದಲ್ಲೇ ಬರೆ.

ಸಂಬಳದ ಕೆಲಸಕ್ಕೆ ದಾರಿ ಮೂರು. ಮುಕ್ತ ತಂತ್ರಾಂಶದ ಕೆಲಸಕ್ಕೆ ಸ್ಟೈಪೆಂಡ್ ಕೊಡುವ ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ಸಾಮಾನ್ಯವಾಗಿ ಮಾರ್ಚ್ ಕೊನೆಗೆ ಅರ್ಜಿ. ಎಕ್ಸ್‌ಡಾಟ್‌ಆರ್ಗ್ ಫೌಂಡೇಶನ್‌ನ ಅಂಥದ್ದೇ ಕಾರ್ಯಕ್ರಮವಾದ ಎಂಡ್‌ಲೆಸ್ ವೆಕೇಶನ್ ಆಫ್ ಕೋಡ್‌ಗೆ ಬೇಸಿಗೆಯೇ ಆಗಬೇಕೆಂದಿಲ್ಲ, ಆದರೆ ಮೊದಲೇ ಒಬ್ಬ ಮೆಂಟರ್ ಒಪ್ಪಬೇಕು. ನನ್ನ ಪ್ರಕಾರ ನಿನಗೆ ಸಲೀಸು ಮೂರನೆಯದು, ನಿನ್ನದೇ ವಿಶ್ವವಿದ್ಯಾಲಯದ ಗ್ರಾಫಿಕ್ಸ್ ಅಥವಾ ಎಚ್‌ಸಿಐ (ಮನುಷ್ಯ-ಕಂಪ್ಯೂಟರ್ ಒಡನಾಟ) ಲ್ಯಾಬ್. ಪ್ರೊಫೆಸರ್‌ಗೆ ನವೆಂಬರ್‌ನಲ್ಲೇ ಬರೆ. ವಸಂತಕ್ಕೆ ಅವರ ಗ್ರಾಂಟ್ ದುಡ್ಡು ಬೇರೆಯವರ ಹೆಸರಿಗೆ ಹೋಗಿರುತ್ತದೆ.

ಕಾಗದದ ವಿಷಯದಲ್ಲಿ ಸಡಿಲ ಬಿಡಬೇಡ. ಎಫ್-1 (ವಿದ್ಯಾರ್ಥಿ) ವೀಸಾದವರು ಕ್ಯಾಂಪಸ್ ಒಳಗೆ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ, ರಜೆಯಲ್ಲಿ ಪೂರ್ಣಾವಧಿ ದುಡಿಯಬಹುದು. ಹೊರಗಿನ ಕೆಲಸಕ್ಕೆ ಸಿಪಿಟಿ, ಅಂದರೆ ಓದಿನ ಭಾಗವಾದ ಕೆಲಸಕ್ಕೆ ಅನುಮತಿ, ಬೇಕು, ಅದು ಸಾಮಾನ್ಯವಾಗಿ ಒಂದು ಶೈಕ್ಷಣಿಕ ವರ್ಷ ಮುಗಿದ ಮೇಲೆ. ವಿಶ್ವವಿದ್ಯಾಲಯ ಕೊಡುವ ಐ-20 ದಾಖಲೆಯಲ್ಲಿ ನಮೂದಾದ ತಾರೀಖಿಗಿಂತ ಒಂದು ದಿನ ಮುಂಚೆಯೂ ಶುರುಮಾಡಬೇಡ. ಪೂರ್ಣಾವಧಿ ಸಿಪಿಟಿ 12 ತಿಂಗಳಾದರೆ ಆ ಪದವಿ ಮಟ್ಟದ ಒಪಿಟಿ (ಓದಿದ ವಿಷಯದಲ್ಲೇ ದುಡಿಯಲು ಸಿಗುವ, ಸಾಮಾನ್ಯವಾಗಿ ಓದು ಮುಗಿದ ಮೇಲೆ ಬಳಸುವ ಅನುಮತಿ) ಕೈತಪ್ಪುತ್ತದೆ. ಮನೆಯಲ್ಲೇ ಕೂತು ಮಾಡುವ ಸ್ಟೈಪೆಂಡ್ ಕೆಲಸಕ್ಕೂ ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಒಪ್ಪಿಗೆ ಬರಹದಲ್ಲಿ ಪಡೆ.

ಮೊದಲ ಪೇ ಸ್ಲಿಪ್ ಬಿಡಿಸಿ ನೋಡು. ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ಎಂದು 7.65% ಹಿಡಿದಿದ್ದರೆ ಪೇರೋಲ್‌ನವರನ್ನು ಕೇಳು. ನಿನ್ನಂಥ ಹೊಸ ಎಫ್-1 ವಿದ್ಯಾರ್ಥಿಗೆ ಮೊದಲ 5 ಕ್ಯಾಲೆಂಡರ್ ವರ್ಷ ಆ ಕಡಿತ ಇಲ್ಲ.