ಓದುಗರ ಪ್ರಶ್ನೆ: ಒದ್ದೆ ಅಂಗಿಗೆ ಕಾಗದ, ಪೆಟ್ರೋಲ್ ಮಣ್ಣಿಗೆ ಡಬ್ಬ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೈಸೂರು, ಮಂಡ್ಯ ಕಡೆಯವು. ಕೇಳಿರುವುದೂ ಹೆಚ್ಚುಕಡಿಮೆ ಒಂದೇ: ಪೊಲೀಸರು ಬರುವವರೆಗೆ ಏನು ಮಾಡಬೇಕು, ಸಿಕ್ಕಿದ್ದನ್ನು ಯಾವುದರಲ್ಲಿ ಇಡಬೇಕು? ಸಾಕ್ಷ್ಯವನ್ನು ಎತ್ತುವುದು ಪೊಲೀಸರ ಕೆಲಸ, ಅದು ಮಹಜರಿನ (ಸಾಕ್ಷಿಗಳ ಎದುರು ಬರೆಯುವ ದಾಖಲೆಯ) ಮೂಲಕವೇ ಆಗಬೇಕು. ಕೆಳಗೆ ಹೇಳಿರುವುದು ಅಲ್ಲಿಯವರೆಗೆ ಅದನ್ನು ಕೆಡದಂತೆ ಕಾಯುವ ಬಗೆ.

ಪ್ರಶ್ನೆ: ನಂಜನಗೂಡಿಗೆ ಹೋಗಿ ಬರುವಷ್ಟರಲ್ಲಿ ಮನೆಯ ಬೀಗ ಒಡೆದು ಬೀರು ಜಾಲಾಡಿದ್ದರು. ಪೊಲೀಸರಿಗಿಂತ ಮೊದಲು ನೆಂಟರು, ಅಕ್ಕಪಕ್ಕದವರು ಬಂದು ಎಲ್ಲವನ್ನೂ ಮುಟ್ಟಿದರು. ನಾನು ಮಾತ್ರ ಪಾತ್ರೆ ತೊಳೆಯುವ ಗ್ಲೌಸ್ ಹಾಕಿಕೊಂಡು ಒಡವೆ ಡಬ್ಬಿಗಳನ್ನು ಎತ್ತಿಟ್ಟೆ. ಇನ್ನು ಬೆರಳಚ್ಚು ಸಿಗುತ್ತದೆಯೇ?
— ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಸಿಗಬಹುದು. ಆದರೆ ಗ್ಲೌಸ್ ನಿಮ್ಮ ಗುರುತು ಬೀಳುವುದನ್ನು ತಪ್ಪಿಸುತ್ತದೆಯೇ ಹೊರತು ಕಳ್ಳನ ಗುರುತನ್ನು ಕಾಪಾಡುವುದಿಲ್ಲ. ಅವನ ಬೆರಳು ತಾಗಿದ ಜಾಗಕ್ಕೇ ರಬ್ಬರು ಉಜ್ಜಿದರೆ ಇದ್ದದ್ದೂ ಅಳಿಸಿ ಹೋಗುತ್ತದೆ. ಬಟ್ಟೆಯಲ್ಲಿ ಸುತ್ತಿ ಎತ್ತಿದರೂ ಇದೇ ಗತಿ.

ಬೆರಳಚ್ಚು ಎಂದರೆ ಬೆವರು ಮತ್ತು ಎಣ್ಣೆಜಿಡ್ಡಿನ ತೆಳು ಗೆರೆಗಳು. ಬ್ರಷ್ಷಿನಲ್ಲಿ ಮೆಲ್ಲಗೆ ಸವರಿದ ಪುಡಿ ಆ ಜಿಡ್ಡಿಗೆ ಅಂಟಿದಾಗ ಗೆರೆ ಎದ್ದು ಕಾಣುತ್ತದೆ. ಕಪ್ಪು ಬಣ್ಣದ ಮೇಲ್ಮೈಗೆ ಅಲ್ಯೂಮಿನಿಯಂ ಪುಡಿ, ಬಿಳಿ ಮೇಲ್ಮೈಗೆ ಕಪ್ಪು ಪುಡಿ. ಮೊದಲು ಫೋಟೊ, ಆಮೇಲೆ ಟೇಪಿನಲ್ಲಿ ಎತ್ತುವುದು. ಗಾಜು, ಸ್ಟೀಲ್ ಡಬ್ಬಿ, ಬಣ್ಣ ಹೊಡೆದ ಬೀರು ಇವೆಲ್ಲ ಒಳ್ಳೆಯ ಜಾಗಗಳು. ಒರಟು ಸುಣ್ಣದ ಗೋಡೆಯಿಂದ ಹೆಚ್ಚೇನೂ ನಿರೀಕ್ಷಿಸಬೇಡಿ. ಕಳ್ಳ ಮನೆಪತ್ರ, ಪಾಸ್‌ಬುಕ್ ಕೆದಕಿದ್ದರೆ ಅವನ್ನು ಜೋಡಿಸಿಡಲು ಹೋಗಬೇಡಿ. ಕಾಗದಕ್ಕೆ ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಹಚ್ಚಿದರೆ ಅದು ಬೆವರಿನ ಅಮೈನೊ ಆಮ್ಲದ ಜೊತೆ ಸೇರಿ ನೇರಳೆ ಬಣ್ಣದ ಗುರುತು ಕೊಡುತ್ತದೆ.

ಈಗ ಮಾಡಬೇಕಾದ್ದು: ಆ ಕೋಣೆಯ ಬಾಗಿಲು ಹಾಕಿ. ಯಾರು ಯಾರು ಏನನ್ನು ಮುಟ್ಟಿದರು ಎಂಬ ಪಟ್ಟಿ ಬರೆದಿಡಿ. ಕಾಂಪೌಂಡಿನಲ್ಲಿ ಬಿದ್ದಿರುವ ಕಬ್ಬಿಣದ ಸಲಾಕೆ ಇಬ್ಬನಿಯಲ್ಲಿ ನೆನೆದಿದ್ದರೆ ಒರೆಸಬೇಡಿ, ತಾನಾಗಿಯೇ ಆರಲಿ. ಮನೆಯವರ ಬೆರಳಚ್ಚನ್ನೂ ಕೇಳುತ್ತಾರೆ. ಅದನ್ನು ಅನುಮಾನ ಎಂದುಕೊಳ್ಳಬೇಡಿ. ನಿಮ್ಮವನ್ನು ತೆಗೆದು ಹಾಕಿದ ಮೇಲೆಯೇ ಪರರ ಗುರುತು ಯಾವುದೆಂದು ತಿಳಿಯುವುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ, 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು, ವಿಡಿಯೊ ಚಿತ್ರೀಕರಣ ಆಗಬೇಕು ಎನ್ನುತ್ತದೆ. ಠಾಣೆಯಲ್ಲಿ ಈ ಮಾತು ಕೇಳಲು ಹಿಂಜರಿಯಬೇಡಿ.

ಪ್ರಶ್ನೆ: ಜಮೀನಿನ ಜಗಳದಲ್ಲಿ ತಮ್ಮನಿಗೆ ಪೆಟ್ಟಾಯಿತು. ರಕ್ತವಾದ ಅಂಗಿ, ಪಂಚೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿ ನಾಲ್ಕು ದಿನ ಇಟ್ಟಿದ್ದೆವು. ಈಗ ವಾಸನೆ ಬರುತ್ತಿದೆ. ಎಸೆದುಬಿಡಬೇಕೆ?
— ಓದುಗರು, ಮದ್ದೂರು

ಉತ್ತರ: ಎಸೆಯಲೇಬೇಡಿ. ಒಗೆಯಲೂ ಬೇಡಿ. ವಾಸನೆ ಬರುತ್ತಿದೆ ಎಂದರೆ ಬ್ಯಾಕ್ಟೀರಿಯಾ ಕೆಲಸ ಶುರು ಮಾಡಿದೆ. ಪ್ಲಾಸ್ಟಿಕ್ಕಿನೊಳಗೆ ತೇವ ಹೊರಹೋಗಲು ದಾರಿಯಿಲ್ಲ. ಬಟ್ಟೆ ಬೆವೆತು, ಬೂಷ್ಟು ಹಿಡಿದು, ರಕ್ತದ ಬಿಳಿಕಣಗಳಲ್ಲಿರುವ ಡಿಎನ್‌ಎ ತುಂಡು ತುಂಡಾಗುತ್ತದೆ. ಹಾಗೆಂದು ಎಲ್ಲವೂ ಮುಗಿದಿರುವುದಿಲ್ಲ. ಕಲೆಯ ಅಂಚಿನಲ್ಲಿ ಬೇಗ ಆರಿದ ಭಾಗ ಇರಬಹುದು.

ಇವತ್ತೇ ಠಾಣೆಗೆ ತಿಳಿಸಿ. ಅವರು ಬರುವುದು ತಡವಾಗುವುದಾದರೆ, ಹೊಸ ಗ್ಲೌಸ್ ಹಾಕಿಕೊಂಡು ಕವರ್ ಬಿಚ್ಚಿ. ನೆಲಕ್ಕೆ ಅಗಲವಾದ ಶುದ್ಧ ಕಂದು ಕಾಗದ ಹಾಸಿ, ಒಂದು ಹಾಳೆಯ ಮೇಲೆ ಒಂದೇ ಬಟ್ಟೆ ಬಿಡಿಸಿಡಿ. ನೆರಳಿನಲ್ಲಿ, ಗಾಳಿಯಾಡುವ ಕೋಣೆಯಲ್ಲಿ ಆರಲಿ. ಬಿಸಿಲಿಗೆ ಹಾಕಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ, ಜೋರಾಗಿ ಫ್ಯಾನ್ ಹಾಕಿ ಕೂದಲು, ನೂಲು ಹಾರಿ ಹೋಗುವಂತೆ ಮಾಡಬೇಡಿ. ಮುಟ್ಟಿದರೆ ಗರಿಗರಿ ಅನ್ನುವಷ್ಟು ಆರಿದ ಮೇಲೆ ಮಡಿಸಿ. ಮಡಿಸುವಾಗ ಎರಡು ಪದರಗಳ ನಡುವೆ ಒಂದು ಕಾಗದ ಇಡಿ. ಇಲ್ಲದಿದ್ದರೆ ಎದೆಯ ಮೇಲಿನ ಕಲೆ ಬೆನ್ನಿಗೂ ಮೂಡಿ, ಪೆಟ್ಟು ಎಲ್ಲಿ ಬಿತ್ತೆಂಬ ಲೆಕ್ಕವೇ ತಪ್ಪುತ್ತದೆ. ಅಂಗಿಗೊಂದು, ಪಂಚೆಗೊಂದು ಬೇರೆ ಬೇರೆ ಕಾಗದದ ಕವರ್. ಕೆಳಗೆ ಹಾಸಿದ ಕಾಗದವನ್ನೂ ಮಡಿಸಿ ಇಡಿ, ಉದುರಿದ ಪುಡಿ ಅದರಲ್ಲೇ ಇರುತ್ತದೆ. ಆ ಹಳೆಯ ಪ್ಲಾಸ್ಟಿಕ್ ಕವರನ್ನೂ ಆರಿಸಿ ಜೊತೆಗೆ ಕೊಡಿ.

ಪ್ಲಾಸ್ಟಿಕ್ಕಿನಲ್ಲಿ ಎಷ್ಟು ದಿನ ಇತ್ತು, ಯಾರು ಬಿಚ್ಚಿದರು, ಎಷ್ಟು ಹೊತ್ತಿಗೆ ಎಂಬುದನ್ನು ಮುಚ್ಚಿಡದೆ ಹೇಳಿ ಬರೆಸಿ. ನ್ಯಾಯಾಲಯದಲ್ಲಿ ಎದುರು ವಕೀಲರು ಮೊದಲು ಹಿಡಿಯುವುದು ಇಂಥ ಲೆಕ್ಕ ಸಿಗದ ದಿನಗಳನ್ನೇ. ಪಂಚರ (ಮಹಜರಿನ ಸಾಕ್ಷಿಗಳ) ಎದುರು ಕವರಿಗೆ ಅರಗಿನ ಸೀಲ್ ಬಿದ್ದ ಮೇಲೆ ವಶಪಡಿಸಿಕೊಂಡ ವಸ್ತುಗಳನ್ನಿಡುವ ಠಾಣೆಯ ಮುದ್ದೆಮಾಲು ಕೋಣೆ, ಅಲ್ಲಿಂದ ಲ್ಯಾಬು ಎಂದು ಪ್ರತಿ ಕೈ ಬದಲಾದಾಗಲೂ ಸಹಿ, ದಿನಾಂಕ, ಸಮಯ ಇರಬೇಕು. ಸೀಲಿನ ಮಾದರಿಯೂ ಲ್ಯಾಬಿಗೆ ಹೋಗುತ್ತದೆ. ಅಲ್ಲಿ ಎರಡನ್ನೂ ಹೋಲಿಸಿ ನೋಡಿದ ಮೇಲೆಯೇ ಕವರ್ ತೆರೆಯುತ್ತಾರೆ.

ಪ್ರಶ್ನೆ: ರಾತ್ರಿ ನಮ್ಮ ಹುಲ್ಲಿನ ಮೆದೆಗೆ ಬೆಂಕಿ ಬಿತ್ತು. ಪೆಟ್ರೋಲ್ ವಾಸನೆ ಬಂತೆಂದು ಬೂದಿಯನ್ನು ಕಾಗದದಲ್ಲಿ ಕಟ್ಟಿಟ್ಟಿದ್ದೇನೆ. ಇದು ಸಾಕೆ?
— ರೈತ, ಪಾಂಡವಪುರ ತಾಲ್ಲೂಕು

ಉತ್ತರ: ಮೇಲಿನ ಉತ್ತರ ಇಲ್ಲಿ ತಲೆಕೆಳಗು. ರಕ್ತಕ್ಕೆ ಗಾಳಿ ಬೇಕು, ಪೆಟ್ರೋಲಿಗೆ ಗಾಳಿ ಆಗದು. ಕಾಗದದೊಳಗಿಂದ ಆವಿ ಹಾರಿಹೋಗುತ್ತದೆ. ಮಾಮೂಲಿ ಪ್ಲಾಸ್ಟಿಕ್ ಕವರಿನಿಂದಲೂ ಸೋರುತ್ತದೆ. ಬೂದಿಯೂ ಒಳ್ಳೆಯ ಮಾದರಿಯಲ್ಲ. ಚೆಲ್ಲಿದ ಪೆಟ್ರೋಲ್ ಉಳಿದಿದ್ದರೆ ಅದು ಬೂದಿಯ ಕೆಳಗೆ ಎರಡು ಮೂರು ಬೆರಳು ಆಳದ ಮಣ್ಣಿನಲ್ಲಿ, ಅರೆಬೆಂದ ಹುಲ್ಲಿನಲ್ಲಿ.

ತಜ್ಞರು ಇಂಥ ಮಣ್ಣನ್ನು ಹೊಸ ತಗಡಿನ ಪೇಂಟ್ ಡಬ್ಬದಂಥದ್ದರಲ್ಲಿ ತುಂಬುತ್ತಾರೆ. ಮೂರರಲ್ಲಿ ಎರಡು ಪಾಲು ಮಾತ್ರ ತುಂಬಿ ಬಿಗಿಯಾಗಿ ಮುಚ್ಚುತ್ತಾರೆ, ಏಕೆಂದರೆ ಮೇಲಿನ ಖಾಲಿ ಜಾಗದಲ್ಲಿ ಸೇರುವ ಆವಿಯನ್ನೇ, ಅದರಲ್ಲಿರುವ ರಾಸಾಯನಿಕಗಳನ್ನು ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರಕ್ಕೆ ಕೊಡುವುದು. ಗಾಜಿನ ಜಾಡಿಯೂ ಆಗುತ್ತದೆ, ಆದರೆ ಮುಚ್ಚಳದಲ್ಲಿ ರಬ್ಬರ್ ಉಂಗುರ ಇರಬಾರದು. ರಬ್ಬರು ಪೆಟ್ರೋಲನ್ನು ಹೀರುತ್ತದೆ. ಬೆಂಕಿ ತಾಗದ ಜಾಗದ ಮಣ್ಣು ಇನ್ನೊಂದು ಡಬ್ಬದಲ್ಲಿ ಬೇಕೇ ಬೇಕು. ನಿಮ್ಮ ಹೊಲದಲ್ಲಿ ಡೀಸೆಲ್ ಪಂಪು ಓಡಿದ್ದರೆ, ಟ್ರ್ಯಾಕ್ಟರ್ ನಿಂತಿದ್ದರೆ ಅದನ್ನು ಮೊದಲೇ ಹೇಳಿ. ಮಣ್ಣಿನ ಸೂಕ್ಷ್ಮಾಣುಗಳೂ ಪೆಟ್ರೋಲನ್ನು ತಿನ್ನುತ್ತವೆ, ಹಾಗಾಗಿ ಡಬ್ಬ ತಂಪಿನಲ್ಲಿರಬೇಕು, ಬೇಗ ಲ್ಯಾಬ್ ಸೇರಬೇಕು.

ಮಳೆ ಬರುವ ಹಾಗಿದ್ದರೆ ನೀವು ಮಾಡಬಹುದಾದ್ದು ಒಂದಿದೆ: ಎಣ್ಣೆ ಅಂಟಿರದ ಶುಭ್ರ ಬಾಂಡ್ಲಿಯನ್ನು ಆ ಜಾಗದ ಮೇಲೆ ಬೋರಲು ಹಾಕಿ. ಬದುವಿನ ಹಸಿ ಮಣ್ಣಿನಲ್ಲಿ ಚಪ್ಪಲಿ ಗುರುತು ಬಿದ್ದಿದ್ದರೆ ಅದಕ್ಕೂ ಇದೇ ಉಪಾಯ. ಪಕ್ಕದಲ್ಲಿ ಸ್ಕೇಲ್ ಇಟ್ಟು, ನೇರ ಮೇಲಿನಿಂದ ಮೊಬೈಲ್ ಹಿಡಿದು, ಟಾರ್ಚನ್ನು ಒಂದು ಬದಿಯಿಂದ ಓರೆಯಾಗಿ ಬಿಟ್ಟು ಫೋಟೊ ತೆಗೆಯಿರಿ. ನೆರಳು ಬಿದ್ದಾಗಲೇ ಅಟ್ಟೆಯ ಗೆರೆ ಕಾಣುವುದು. ಅಚ್ಚು ತೆಗೆಯುವುದನ್ನು ಅವರಿಗೇ ಬಿಡಿ. ಸುಮಾರು 900 ಗ್ರಾಂ ಡೆಂಟಲ್ ಸ್ಟೋನ್ (ದಂತವೈದ್ಯರು ಹಲ್ಲಿನ ಅಚ್ಚಿಗೆ ಬಳಸುವ) ಪುಡಿಗೆ 300 ಮಿ.ಲೀ. ನೀರಿನ ಅಂದಾಜಿನಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ, ಗುರುತಿನ ಮೇಲೆ ನೇರವಾಗಿ ಸುರಿಯದೆ ಅಂಚಿನಿಂದ ಹರಿಯಬಿಡುತ್ತಾರೆ. ಅರ್ಧ ಗಂಟೆಗೆ ಎತ್ತಬಹುದು, ಆದರೆ ಅಂಟಿದ ಮಣ್ಣನ್ನು ಅಲ್ಲೇ ಕೆರೆಯುವಂತಿಲ್ಲ. ಒಂದೆರಡು ದಿನ ಆರಬೇಕು.

ಪ್ರಶ್ನೆ: ವಿಷದ ಅನುಮಾನವಿದ್ದರೆ ವಿಸೆರಾವನ್ನು (ಶವಪರೀಕ್ಷೆಯಲ್ಲಿ ತೆಗೆದ ಒಳ ಅಂಗಗಳನ್ನು) ಉಪ್ಪುನೀರಿನಲ್ಲಿ ಇಡುತ್ತಾರಂತೆ. ಫಾರ್ಮಾಲಿನ್ ಏಕಲ್ಲ?
— ವಿದ್ಯಾರ್ಥಿ, ಮಳವಳ್ಳಿ

ಉತ್ತರ: ಫಾರ್ಮಾಲಿನ್ ಅಂಗಾಂಶವನ್ನು ಗಟ್ಟಿಮಾಡುತ್ತದೆ, ವಿಷವನ್ನು ಹೊರತೆಗೆಯುವುದು ಕಷ್ಟವಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡುವ ತುಣುಕುಗಳಿಗೆ ಮಾತ್ರ ಅದು ಸರಿ. ಉಪ್ಪುನೀರು ಎಂದರೆ ಪರ್ಯಾಪ್ತ ದ್ರಾವಣ: ಎಷ್ಟು ಕಲಕಿದರೂ ತಳದಲ್ಲಿ ಉಪ್ಪು ಕರಗದೆ ಉಳಿಯಬೇಕು. ಬಾಟಲಿ ಪೂರ್ತಿ ತುಂಬುವಂತಿಲ್ಲ, ಒಳಗೆ ಅನಿಲ ಹುಟ್ಟುತ್ತದೆ. ರಕ್ತ ಬೇರೆ ಬಾಟಲಿಗೆ, ಪ್ರತಿ ಮಿ.ಲೀ.ಗೆ 10 ಮಿ.ಗ್ರಾಂ ಸೋಡಿಯಂ ಫ್ಲೋರೈಡ್ ಸೇರಿಸಿ. ಇಲ್ಲದಿದ್ದರೆ ರಕ್ತದ ಸಕ್ಕರೆ ಹುಳಿತು ಕುಡಿಯದವರ ರಕ್ತದಲ್ಲೂ ಆಲ್ಕೋಹಾಲ್ ಕಾಣಿಸಬಹುದು. ಬಳಸಿದ ಉಪ್ಪುನೀರಿನ ಮಾದರಿಯನ್ನೂ ಪ್ರತ್ಯೇಕವಾಗಿ ಕಳಿಸುತ್ತಾರೆ. ವಿಷ ಬಾಟಲಿಯಿಂದಲೇ ಬಂತು ಎಂಬ ವಾದಕ್ಕೆ ಅದೇ ಉತ್ತರ.

ಪ್ರಶ್ನೆ: ಅಂಗಡಿಯ ಸಿಸಿಟಿವಿಯಲ್ಲಿ ಪಕ್ಕದಂಗಡಿ ಕಳ್ಳತನ ದಾಖಲಾಗಿದೆ. ಪರದೆಯನ್ನು ಮೊಬೈಲಿನಲ್ಲಿ ಶೂಟ್ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಸಾಲದೆ?
— ವ್ಯಾಪಾರಿ, ದೇವರಾಜ ಮಾರುಕಟ್ಟೆ ಬಳಿ, ಮೈಸೂರು

ಉತ್ತರ: ಕಳ್ಳನನ್ನು ಬೇಗ ಗುರುತು ಹಿಡಿಯಲು ಸಾಕು, ಕೋರ್ಟಿಗೆ ಸಾಲದು. ವಾಟ್ಸ್ಆ್ಯಪ್ ವಿಡಿಯೊವನ್ನು ಕುಗ್ಗಿಸುತ್ತದೆ, ಮುಖದ ವಿವರ ಹೋಗುತ್ತದೆ. ಕ್ಯಾಮೆರಾದ ದೃಶ್ಯ ದಾಖಲಿಸುವ ಪೆಟ್ಟಿಗೆಯಾದ ಡಿವಿಆರ್‌ನಿಂದಲೇ ಮೂಲ ಕಡತವನ್ನು, ಘಟನೆಗೆ ಅರ್ಧ ಗಂಟೆ ಹಿಂದಿನಿಂದ ಅರ್ಧ ಗಂಟೆ ನಂತರದವರೆಗೆ, ಹೊಸ ಪೆನ್‌ಡ್ರೈವಿಗೆ ಇಳಿಸಿಕೊಡಬೇಕು. ತಡ ಮಾಡಬೇಡಿ, ಹಾರ್ಡ್ ಡಿಸ್ಕ್ ತುಂಬಿದರೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರ ಎ ಭಾಗ ನಿಮ್ಮದು, ಬಿ ಭಾಗ ತಜ್ಞರದು. ಕಡತದ ಹ್ಯಾಶ್ ಮೌಲ್ಯವನ್ನು (ಕಡತದಿಂದ ಕಂಪ್ಯೂಟರ್ ಲೆಕ್ಕ ಹಾಕುವ ಗುರುತಿನ ಅಂಕಿ) ಅದರಲ್ಲಿ ಬರೆಯಬೇಕು. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಆ ಅಂಕಿ ಪೂರ್ತಿ ಬೇರೆಯಾಗುತ್ತದೆ.

ಡಿವಿಆರ್ ಗಡಿಯಾರ ಹನ್ನೊಂದು ನಿಮಿಷ ಮುಂದಿದೆ ಎಂದು ಪತ್ರದಲ್ಲಿ ಬರೆದಿದ್ದೀರಿ. ಈಗ ಸರಿಮಾಡಲು ಹೋಗಬೇಡಿ. ಡಿವಿಆರ್ ಪರದೆಯ ಸಮಯ ಮತ್ತು ನಿಮ್ಮ ಮೊಬೈಲಿನ ಸಮಯ ಎರಡೂ ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ಫೋಟೊ ತೆಗೆದು, ಅದನ್ನೂ ಪೊಲೀಸರಿಗೆ ಕೊಡಿ.